ಸುಕ್ಕು ಬಟಾಣಿಯೂ ಕವಲು ಕಟ್ಟುವ ಕಿಣ್ವವೂ

ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಓದಿದ ಯಾರಿಗೇ ಆಗಲಿ, ಗ್ರೆಗರ್ ಮೆಂಡೆಲ್ ಅವರ ಬಟಾಣಿ ಅಷ್ಟಿಷ್ಟು ನೆನಪಿರುತ್ತದೆ. ದುಂಡು ಬೀಜ, ಸುಕ್ಕು ಬೀಜ, ಮೂರಕ್ಕೆ ಒಂದು. ಪರೀಕ್ಷೆಗೆ ಇಷ್ಟಾದರೆ ಸಾಕು. ಮೂವತ್ತಕ್ಕೂ ಹೆಚ್ಚು ವರ್ಷ ಕರಿಹಲಗೆಯ ಮೇಲೆ ಚೌಕಗಳನ್ನು ಎಳೆದು ಈ ಪಾಠ ಮಾಡಿದ ನನಗೆ, ಆ ಚೌಕಗಳೊಳಗೆ ಎಲ್ಲಿಯೂ ಕಾಣದ ಒಂದು ಪ್ರಶ್ನೆಯೇ ಹೆಚ್ಚು ಪ್ರಿಯವಾದದ್ದು. ಬೀಜ ಸುಕ್ಕುವುದಾದರೂ ಏಕೆ? ‘ಅದು ದುರ್ಬಲ ಗುಣ’ ಎಂದರೆ ಗುಣಕ್ಕೆ ಹೆಸರಿಟ್ಟಂತಾಯಿತೇ ಹೊರತು ಕಾರಣ ಹೇಳಿದಂತಾಗಲಿಲ್ಲ. ಕಾರಣ ತಿಳಿದದ್ದು ೧೯೯೦ರಲ್ಲಿ, ಮೆಂಡೆಲ್ ತಮ್ಮ ಲೆಕ್ಕವನ್ನು ಪ್ರಕಟಿಸಿದ ೧೨೪ ವರ್ಷಗಳ ಅನಂತರ. ಅದಕ್ಕೆ ಬೇಕಾದ ತಿಳಿವಳಿಕೆಯ ಬಹುಪಾಲು ಬಂದದ್ದು ಬಟಾಣಿಯ ತೋಟದಿಂದಲ್ಲ. ಪ್ರಾಣಿಗಳ ಯಕೃತ್ತು, ಸ್ನಾಯು, ಆಲೂಗಡ್ಡೆಗಳ ಮೇಲೆ ನಡೆದ ಬೇರೊಂದು ಶೋಧದಿಂದ. ಆ ಎರಡು ದಾರಿಗಳು ಒಂದುಗೂಡಿದ ಕಥೆಯನ್ನು ಇಲ್ಲಿ ಹೇಳಲು ಯತ್ನಿಸುತ್ತೇನೆ.

ಮೊದಲು ಒಂದು ಸರಳ ಸಂಗತಿ. ಗಿಡವಾಗಲಿ ಪ್ರಾಣಿಯಾಗಲಿ, ತನ್ನ ಆಹಾರದ ಉಳಿತಾಯವನ್ನು ಬಿಡಿ ಸಕ್ಕರೆಯಾಗಿಯೇ ಜೀವಕೋಶದಲ್ಲಿ ಹೆಚ್ಚು ಕೂಡಿಡಲಾರದು. ಕರಗಿದ ಸಕ್ಕರೆ ನೀರನ್ನು ತನ್ನತ್ತ ಸೆಳೆಯುತ್ತದೆ. ಉಪ್ಪು ಬೆರೆಸಿದ ಮಾವಿನ ಹೋಳು ರಾತ್ರಿ ಕಳೆಯುವುದರೊಳಗೆ ನೀರು ಬಿಟ್ಟಿರುವುದನ್ನು ಉಪ್ಪಿನಕಾಯಿ ಹಾಕುವವರೆಲ್ಲ ಬಲ್ಲರು; ನಾವು ಪಾಠದಲ್ಲಿ ಅಭಿಸರಣೆ ಎನ್ನುವುದು ಇದನ್ನೇ. ಈ ಸೆಳೆತ ಕಣಗಳ ಸಂಖ್ಯೆಯನ್ನು ಅವಲಂಬಿಸಿದೆ, ಅವುಗಳ ಗಾತ್ರವನ್ನಲ್ಲ. ಆದ್ದರಿಂದ ಸಾವಿರಾರು ಗ್ಲೂಕೋಸ್ ಅಣುಗಳನ್ನು ಪೋಣಿಸಿ ಒಂದೇ ದೊಡ್ಡ ಅಣುವನ್ನಾಗಿಸಿದರೆ ಸೆಳೆತವು ಬಹುಮಟ್ಟಿಗೆ ಇಲ್ಲವಾಗುತ್ತದೆ. ಗಿಡ ಹೀಗೆ ಪೋಣಿಸಿಡುವ ಆಹಾರ ಪಿಷ್ಟ. ಪ್ರಾಣಿ ಪೋಣಿಸಿಡುವುದು ಗ್ಲೈಕೊಜೆನ್. ಎರಡರಲ್ಲೂ ಇಟ್ಟಿಗೆ ಒಂದೇ, ಅದು ಗ್ಲೂಕೋಸ್. ಗಾರೆಯೂ ಒಂದೇ. ನೇರ ಸರಪಳಿಯಲ್ಲಿ ಒಂದು ಗ್ಲೂಕೋಸಿನ ಮೊದಲನೆಯ ಇಂಗಾಲವು ಮುಂದಿನದರ ನಾಲ್ಕನೆಯ ಇಂಗಾಲಕ್ಕೆ ಕೂಡಿರುತ್ತದೆ. ಕವಲು ಒಡೆಯುವಲ್ಲಿ ಆರನೆಯ ಇಂಗಾಲಕ್ಕೆ. ಹೀಗಿದ್ದೂ ಪಿಷ್ಟವು ತಣ್ಣೀರಿನಲ್ಲಿ ಕರಗದ ಗಟ್ಟಿ ಕಣವಾಗಿ ನಿಲ್ಲುತ್ತದೆ, ಗ್ಲೈಕೊಜೆನ್ ನೀರಿನಲ್ಲಿ ಬೆರೆಯುತ್ತದೆ. ಒಂದೇ ಇಟ್ಟಿಗೆ, ಒಂದೇ ಗಾರೆಯಿಂದ ಇಷ್ಟು ಬೇರೆಯಾದ ಎರಡು ಕಟ್ಟಡಗಳು ಎದ್ದುದು ಹೇಗೆ?

ಪಿಷ್ಟದಲ್ಲಿ ಸಕ್ಕರೆ ಅಡಗಿದೆ ಎಂಬುದನ್ನು ೧೮೧೧ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಕಿರ್ಚಾಫ್ ತೋರಿಸಿದರು. ಪಿಷ್ಟವನ್ನು ಆಮ್ಲದೊಡನೆ ಕುದಿಸಿದಾಗ ಅದು ಸಿಹಿಯಾಯಿತು. ಅದೇ ವರ್ಷ ಫ್ರಾನ್ಸಿನ ಕೂರ್ತ್ವಾ ಅಯೋಡಿನ್ ಕಂಡುಹಿಡಿದರು. ೧೮೧೪ರ ಹೊತ್ತಿಗೆ ಪಿಷ್ಟಕ್ಕೆ ಅಯೋಡಿನ್ ತಗುಲಿದರೆ ಕಡುನೀಲಿಯಾಗುವುದೂ ತಿಳಿಯಿತು. ಆಲೂಗಡ್ಡೆಯ ಹೋಳಿನ ಮೇಲೆ ಅಯೋಡಿನ್ ಹನಿಸಿ ನೋಡದ ವಿದ್ಯಾರ್ಥಿ ನಮ್ಮ ಶಾಲೆಗಳಲ್ಲಿ ವಿರಳ. ಈ ನೀಲಿ ಬಣ್ಣವನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ಕಥೆಯ ಮುಖ್ಯ ತಿರುವಿನಲ್ಲಿ ಅದು ಮತ್ತೆ ಬರುತ್ತದೆ.

ಸಕ್ಕರೆಯಂಥ ವಸ್ತುವನ್ನು ಕಟ್ಟುವ ಶಕ್ತಿ ಗಿಡಗಳಿಗೆ ಮಾತ್ರ ಉಂಟು, ಪ್ರಾಣಿಗಳು ಅದನ್ನು ಒಡೆದು ಬಳಸಬಲ್ಲವೇ ಹೊರತು ಕಟ್ಟಲಾರವು ಎಂಬುದು ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಪಂಡಿತರ ನಂಬಿಕೆಯಾಗಿತ್ತು. ಪ್ಯಾರಿಸ್ಸಿನ ಕ್ಲಾಡ್ ಬರ್ನಾರ್ಡ್ ಇದನ್ನು ಅಲುಗಿಸಿದರು. ೧೮೫೫ರಲ್ಲಿ ಅವರು ಪ್ರಾಣಿಯ ಯಕೃತ್ತೊಂದನ್ನು ತೆಗೆದು, ಅದರ ರಕ್ತನಾಳಗಳ ಮೂಲಕ ನೀರು ಹಾಯಿಸಿ, ಸಕ್ಕರೆಯ ಸುಳಿವೇ ಇಲ್ಲದಂತೆ ತೊಳೆದರು. ಮರುದಿನ ನೋಡಿದರೆ ಅದೇ ಯಕೃತ್ತಿನಲ್ಲಿ ಧಾರಾಳವಾಗಿ ಸಕ್ಕರೆ! ಹೊರಗಿನಿಂದ ಏನೂ ಬಂದಿಲ್ಲ. ಹಾಗಾದರೆ ಒಳಗೇ ಯಾವುದೋ ದಾಸ್ತಾನು ಇರಲೇಬೇಕು. ೧೮೫೭ರಲ್ಲಿ ಅವರು ಆ ದಾಸ್ತಾನನ್ನು ಬೇರ್ಪಡಿಸಿದರು. ಅದೇ ಗ್ಲೈಕೊಜೆನ್. ಅದಕ್ಕೆ ಅಯೋಡಿನ್ ಹಾಕಿದರೆ ನೀಲಿ ಬರುವುದಿಲ್ಲ, ಕೆಂಗಂದು ಬಣ್ಣ ಬರುತ್ತದೆ. ಮೆಂಡೆಲ್ ಅವರು ಬ್ರನೋದ ಮಠದ ತೋಟದಲ್ಲಿ ಬಟಾಣಿಗಳನ್ನು ಅಡ್ಡಹಾಯಿಸುತ್ತಿದ್ದುದೂ ಇದೇ ಕಾಲದಲ್ಲಿ, ೧೮೫೬ರಿಂದ ೧೮೬೩ರವರೆಗೆ. ಎರಡು ಕೆಲಸಗಳಿಗೆ ನಂಟೇನಾದರೂ ಇದ್ದೀತೆಂದು ಆಗ ಯಾರು ತಾನೇ ಊಹಿಸಬಲ್ಲವರಾಗಿದ್ದರು?

ಈ ಅಣುಗಳ ಆಕಾರ ತಿಳಿಯಲು ಇನ್ನೂ ಎಂಬತ್ತು ವರ್ಷ ಹಿಡಿಯಿತು. ೧೯೩೭ರ ಸುಮಾರಿಗೆ ಬರ್ಮಿಂಗ್‌ಹ್ಯಾಮಿನ ಹಾವರ್ತ್ ಒಂದು ಚಿತ್ರ ಮುಂದಿಟ್ಟರು, ಜರ್ಮನಿಯ ಸ್ಟೌಡಿಂಗರ್ ಬಾಚಣಿಗೆಯ ಹಲ್ಲುಗಳಂತೆ ಒಂದೇ ಬೆನ್ನೆಲುಬಿಗೆ ಸರಪಳಿಗಳು ತಗುಲಿರುವ ಇನ್ನೊಂದು ಚಿತ್ರ ಕೊಟ್ಟರು. ಜಿನೀವಾದ ಕರ್ಟ್ ಮೇಯರ್ ೧೯೪೦ರಲ್ಲಿ ಬೇರೆಯ ಮಾತು ಹೇಳಿದರು. ಪಿಷ್ಟವು ಒಂದೇ ವಸ್ತುವಲ್ಲ. ಬಹುಮಟ್ಟಿಗೆ ನೇರವಾದ ಅಮೈಲೋಸ್, ಕವಲುಗಳುಳ್ಳ ಅಮೈಲೋಪೆಕ್ಟಿನ್ ಎಂಬ ಎರಡರ ಬೆರಕೆ. ಕವಲುಳ್ಳದ್ದು ಬಾಚಣಿಗೆಯಂತಿಲ್ಲ, ಮರದಂತಿದೆ. ಕೊಂಬೆಗೆ ಕೊಂಬೆ, ಅದಕ್ಕೆ ಮತ್ತೊಂದು ಕೊಂಬೆ. ಅಯೋಡಿನ್ನಿನ ನೀಲಿಯ ಗುಟ್ಟೂ ಇಲ್ಲಿಯೇ ಇದೆ. ಉದ್ದವಾದ ನೇರ ಸರಪಳಿ ಸುರುಳಿ ಸುತ್ತಿಕೊಳ್ಳುತ್ತದೆ. ಆ ಸುರುಳಿಯ ಕೊಳವೆಯಲ್ಲಿ ಅಯೋಡಿನ್ ಸಾಲಾಗಿ ಕುಳಿತಾಗ ನೀಲಿ. ಕವಲು ಹೆಚ್ಚಿ ಸರಪಳಿಗಳು ಗಿಡ್ಡವಾದಂತೆಲ್ಲ ಬಣ್ಣ ನೇರಳೆಗೂ ಕಂದಿಗೂ ತಿರುಗುತ್ತದೆ. ಬಣ್ಣ ನೋಡಿ ಆಕಾರ ಹೇಳಬಹುದೆಂದಾಯಿತು.

ಇನ್ನು ಈ ಮರವನ್ನು ಕಟ್ಟುವವರು ಯಾರು ಎಂಬ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಿದ ದಂಪತಿಗಳು ಕಾರ್ಲ್ ಕೋರಿ ಮತ್ತು ಗರ್ಟಿ ಕೋರಿ. ಇಬ್ಬರೂ ೧೮೯೬ರಲ್ಲಿ ಪ್ರಾಗ್ ನಗರದಲ್ಲಿ ಜನಿಸಿದವರು. ಜೊತೆಯಾಗಿ ವೈದ್ಯಕೀಯ ಓದಿ, ೧೯೨೦ರಲ್ಲಿ ಮದುವೆಯಾಗಿ, ೧೯೨೨ರಲ್ಲಿ ಅಮೆರಿಕೆಗೆ ಹೋದರು. ೧೯೩೧ರಲ್ಲಿ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿದಾಗ ಪತಿಗೆ ಪ್ರಾಧ್ಯಾಪಕ ಪದವಿ, ಪತ್ನಿಗೆ ಅಲ್ಪ ಸಂಬಳದ ಸಂಶೋಧನಾ ಸಹಾಯಕಿಯ ಕೆಲಸ. ಒಂದೇ ಮೇಜಿನ ಮುಂದೆ ಸಮಸಮವಾಗಿ ದುಡಿದರೂ ಗರ್ಟಿ ಅವರಿಗೆ ಪೂರ್ಣ ಪ್ರಾಧ್ಯಾಪಕ ಸ್ಥಾನ ದೊರೆತದ್ದು ೧೯೪೭ರಲ್ಲಿ. ಅದೇ ವರ್ಷ ನೊಬೆಲ್ ಪ್ರಶಸ್ತಿಯೂ ಬಂತು. ವೈದ್ಯಕೀಯ ವಿಭಾಗದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು.

ಕೋರಿ ದಂಪತಿಗಳು ಫಾಸ್ಫಾರಿಲೇಸ್ ಎಂಬ ಕಿಣ್ವವನ್ನು ಕಂಡುಕೊಂಡಿದ್ದರು. ತಕ್ಕ ಸನ್ನಿವೇಶ ಒದಗಿಸಿದರೆ ಅದು ಪ್ರನಾಳದಲ್ಲಿಯೇ ಗ್ಲೂಕೋಸ್ ಫಾಸ್ಫೇಟನ್ನು ಪೋಣಿಸಿ ದೊಡ್ಡ ಅಣುವನ್ನು ಕಟ್ಟುತ್ತಿತ್ತು. ಜೀವಿಯ ಮೈಯ ಹೊರಗೆ ಇಂಥ ಬೃಹದಣುವನ್ನು ಕಟ್ಟಿದ್ದೇ ಆ ಕಾಲಕ್ಕೆ ಸೋಜಿಗ. ಆದರೆ ಅದರಲ್ಲೊಂದು ತೊಡಕಿತ್ತು. ಪ್ರಾಣಿಯ ಸ್ನಾಯುವಿನಿಂದ ತೆಗೆದು ಚೆನ್ನಾಗಿ ಶುದ್ಧಿಗೊಳಿಸಿದ ಕಿಣ್ವದಿಂದ ಹುಟ್ಟಿದ ವಸ್ತುವಿಗೆ ಅಯೋಡಿನ್ ಹಾಕಿದರೆ ನೀಲಿ ಬರುತ್ತಿತ್ತು! ಸ್ನಾಯುವಿನಲ್ಲಿ ಪಿಷ್ಟವೆಲ್ಲಿಂದ ಬರಬೇಕು? ಯಕೃತ್ತಿನ ಒರಟು ಸಾರವನ್ನು ಬಳಸಿದರೆ ಮಾತ್ರ ಗ್ಲೈಕೊಜೆನ್ನಿನಂಥ ಕಂದು ಬಣ್ಣ. ಅಂದರೆ ಶುದ್ಧಿ ಮಾಡುವಾಗ ಯಾವುದೋ ಒಂದು ಸಹಾಯಕ ವಸ್ತು ಕಳೆದುಹೋಗುತ್ತಿತ್ತು. ೧೯೪೩ರಲ್ಲಿ ಕೋರಿ ದಂಪತಿಗಳು ಹೃದಯ ಮತ್ತು ಯಕೃತ್ತುಗಳಲ್ಲಿ ಆ ಎರಡನೆಯ ಕಿಣ್ವ ಇರುವುದನ್ನು ತೋರಿಸಿದರು. ಅದನ್ನು ಬೆರೆಸಿದೊಡನೆ ನೀಲಿಯ ಬದಲು ಕೆಂಗಂದು ಬಂತು. ಮೊದಲ ಕಿಣ್ವ ಸರಪಳಿಯನ್ನು ಉದ್ದ ಮಾಡಬಲ್ಲುದು. ಅದಕ್ಕೆ ಕವಲು ಕೊಡುವುದು ಈ ಎರಡನೆಯದು. ಇದೇ ಕವಲು ಕಟ್ಟುವ ಕಿಣ್ವ. ಮರುವರ್ಷ, ೧೯೪೪ರಲ್ಲಿ, ಹಾವರ್ತ್, ಪೀಟ್ ಮತ್ತು ಬೋರ್ನ್ ಅವರು ಆಲೂಗಡ್ಡೆಯಲ್ಲಿಯೂ ಇಂಥದೇ ಕಿಣ್ವವನ್ನು ಕಂಡು ಅದಕ್ಕೆ ಕ್ಯೂ ಕಿಣ್ವವೆಂದು ಹೆಸರಿಟ್ಟರು. ಗಿಡಕ್ಕೂ ಪ್ರಾಣಿಗೂ ಕೆಲಸಗಾರನೂ ಒಬ್ಬನೇ ಬಗೆಯವನು! (ಜೀವಿಯ ಮೈಯೊಳಗೆ ಸರಪಳಿ ಬೆಳೆಸುವುದು ಫಾಸ್ಫಾರಿಲೇಸ್ ಅಲ್ಲ, ಬೇರೊಂದು ಕಿಣ್ವ ಎಂಬುದನ್ನು ೧೯೫೭ರಲ್ಲಿ ಅರ್ಜೆಂಟೀನಾದ ಲೆಲ್ವಾರ್ ತಂಡ ತೋರಿಸಿತು. ಕವಲಿನ ವಿಷಯ ಅದರಿಂದ ಬದಲಾಗಲಿಲ್ಲ.)

ಈ ಕಿಣ್ವ ಕೆಲಸ ಮಾಡುವ ಬಗೆ ನಮ್ಮ ತೋಟಗಾರರಿಗೆ ಅಪರಿಚಿತವಲ್ಲ. ಅದು ಕಸಿ ಕಟ್ಟುವ ಕೆಲಸ. ಬೆಳೆಯುತ್ತಿರುವ ಸರಪಳಿಯ ತುದಿಯಿಂದ ಒಂದು ತುಂಡನ್ನು ಕತ್ತರಿಸಿ, ಅದನ್ನು ಸರಪಳಿಯೊಂದರ ಪಕ್ಕಕ್ಕೆ, ಆರನೆಯ ಇಂಗಾಲದ ಬಳಿ, ಕೂಡಿಸುತ್ತದೆ. ಹೊಸ ಗ್ಲೂಕೋಸನ್ನು ಅದು ತರುವುದೇ ಇಲ್ಲ. ಇದ್ದುದನ್ನೇ ಇನ್ನೊಂದೆಡೆಗೆ ಸಾಗಿಸುತ್ತದೆ. ೧೯೫೩ರಲ್ಲಿ ಜೋಸೆಫ್ ಲಾರ್ನರ್ ವಿಕಿರಣಶೀಲ ಇಂಗಾಲದಿಂದ ಗುರುತು ಮಾಡಿದ ಗ್ಲೂಕೋಸನ್ನು ಹೊರಸರಪಳಿಗಳಿಗೆ ಸೇರಿಸಿ, ಅದು ಕವಲಿನ ಜಾಗಕ್ಕೆ ಸಾಗಿದ್ದನ್ನು ಸಿದ್ಧಪಡಿಸಿದರು. ಪ್ರಾಣಿಯ ಕಿಣ್ವಕ್ಕೆ ತನ್ನದೇ ಅಳತೆಗೋಲುಂಟು. ಸರಪಳಿ ಸುಮಾರು ೧೧ ಗ್ಲೂಕೋಸಿನಷ್ಟು ಉದ್ದವಾಗುವ ತನಕ ಅದು ಕತ್ತರಿ ಆಡಿಸುವುದಿಲ್ಲ. ಕತ್ತರಿಸುವ ತುಂಡು ಸುಮಾರು ೭ ಗ್ಲೂಕೋಸಿನದು. ಹೊಸ ಕವಲಿಗೂ ಹಳೆಯ ಕವಲಿಗೂ ನಡುವೆ ಕನಿಷ್ಠ ೪ ಗ್ಲೂಕೋಸಿನ ಅಂತರ. ಇಂಥ ಸಣ್ಣ ಸಣ್ಣ ನಿಯಮಗಳಿಂದಲೇ ಅಣುವಿನ ಇಡೀ ರೂಪ ನಿರ್ಧಾರವಾಗುತ್ತದೆ.

ಲೆಕ್ಕ ಹಾಕಿ ನೋಡೋಣ. ಗ್ಲೈಕೊಜೆನ್ನಿನ ಒಳಸರಪಳಿ ಒಂದೊಂದರಲ್ಲಿ ಸರಾಸರಿ ೧೩ ಗ್ಲೂಕೋಸುಗಳು, ಎರಡೆರಡು ಕವಲುಗಳು ಎಂದು ಇಟ್ಟುಕೊಂಡರೆ, ಒಂದು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಬೆಳೆಯುತ್ತದೆ. ಚದುರಂಗದ ಮಣೆಯ ಮೇಲೆ ಮನೆಗೊಂದರಂತೆ ಇಮ್ಮಡಿಸುತ್ತ ಹೋದ ಕಾಳಿನ ಕಥೆ ಯಾರಿಗೆ ಗೊತ್ತಿಲ್ಲ? ಹನ್ನೆರಡನೆಯ ಸುತ್ತಿನಲ್ಲಿ ೨೦೪೮ ಸರಪಳಿಗಳು. ಎಲ್ಲ ಸೇರಿ ೪೦೯೫. ಗ್ಲೂಕೋಸ್ ಐವತ್ತು ಸಾವಿರಕ್ಕೂ ಹೆಚ್ಚು. ಇವೆಲ್ಲ ಅಡಗಿರುವುದು ಸುಮಾರು ೪೦ ನ್ಯಾನೊಮೀಟರ್ ಅಗಲದ ಗುಂಡಿನಲ್ಲಿ, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತೈದು ಸಾವಿರದಲ್ಲಿ ಒಂದು ಪಾಲಿನಷ್ಟು ಜಾಗದಲ್ಲಿ. ಹನ್ನೆರಡು ಸುತ್ತಿನಾಚೆಗೆ ಹೊರಮೈ ಎಷ್ಟು ಕಿಕ್ಕಿರಿದಿರುತ್ತದೆಂದರೆ ಕಿಣ್ವಗಳಿಗೆ ಕೈಯಾಡಿಸಲು ಎಡೆಯಿಲ್ಲ. ಬೆಳವಣಿಗೆ ತಾನಾಗಿ ನಿಲ್ಲುತ್ತದೆ. ಇಷ್ಟೊಂದು ತುದಿಗಳಿಂದ ಲಾಭವೇನು? ಗ್ಲೂಕೋಸನ್ನು ಬಿಡಿಸಿಕೊಳ್ಳುವುದು ತುದಿಯಿಂದಲೇ ತಾನೆ. ಹುಲಿ ಕಂಡವನು ಓಡಬೇಕಾದಾಗ ಸ್ನಾಯುವಿನ ಪ್ರತಿ ಕಣದಲ್ಲೂ ಏಕಕಾಲಕ್ಕೆ ಎರಡು ಸಾವಿರ ಬಾಗಿಲುಗಳು ತೆರೆಯಬಲ್ಲವು.

ಗಿಡಕ್ಕೆ ಅಂಥ ಅವಸರವಿಲ್ಲ. ಅಮೈಲೋಪೆಕ್ಟಿನ್ನಿನಲ್ಲಿ ಕವಲುಗಳು ಕಡಿಮೆ, ನೂರು ಬಂಧಗಳಿಗೆ ಐದರ ಆಸುಪಾಸು. ಗ್ಲೈಕೊಜೆನ್ನಿನಲ್ಲಿ ಎಂಟರಿಂದ ಹತ್ತು. ಅದಕ್ಕಿಂತ ಮುಖ್ಯವಾದದ್ದು ಜೋಡಣೆ. ಅಮೈಲೋಪೆಕ್ಟಿನ್ನಿನ ಕವಲುಗಳು ಎಲ್ಲೆಡೆ ಸಮನಾಗಿ ಹರಡದೆ ಗೊಂಚಲು ಗೊಂಚಲಾಗಿ ಕೂಡಿರುತ್ತವೆ. ಗೊಂಚಲಿನಿಂದ ಹೊರಟ ಸರಪಳಿಗಳು ಒಂದರ ಪಕ್ಕ ಒಂದು ಸಮಾನಾಂತರವಾಗಿ ಸಾಗಿ, ಎರಡೆರಡು ಹುರಿಗೊಂಡು ಹರಳಿನಂತೆ ಗಟ್ಟಿಯಾಗುತ್ತವೆ. ಸುಮಾರು ೯ ನ್ಯಾನೊಮೀಟರಿಗೊಮ್ಮೆ ಇದೇ ವಿನ್ಯಾಸ ಮರುಕಳಿಸುತ್ತದೆ. ಗಿಡದಲ್ಲಿ ಕವಲು ಕಿಣ್ವಗಳು ಒಂದಕ್ಕಿಂತ ಹೆಚ್ಚು. ಅಸ್ತವ್ಯಸ್ತವಾಗಿ ಬೆಳೆದ ಕವಲುಗಳನ್ನು ಸವರಿ ಹಾಕುವ ಬೇರೆ ಕಿಣ್ವವೂ ಉಂಟು. ಆ ಸವರುವ ಕಿಣ್ವ ಕೆಟ್ಟ ಮೆಕ್ಕೆಜೋಳದ ತಳಿಯಲ್ಲಿ ಪಿಷ್ಟದ ಬದಲು ಗ್ಲೈಕೊಜೆನ್ನನ್ನು ಹೋಲುವ ವಸ್ತು ತುಂಬಿಕೊಳ್ಳುವುದೇ ಇದಕ್ಕೆ ಸಾಕ್ಷಿ. ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ನೆಲದಡಿಯ ಹಗೇವಿನಲ್ಲಿ ಜೋಳ ತುಂಬಿ ಬಾಯಿ ಮುಚ್ಚಿಡುತ್ತಿದ್ದರು; ನಿತ್ಯದ ಬಳಕೆಯದು ಅಡುಗೆಮನೆಯ ಡಬ್ಬಿಯಲ್ಲಿರುತ್ತಿತ್ತು. ಪಿಷ್ಟ ಹಗೇವಿನ ಜೋಳ, ಗ್ಲೈಕೊಜೆನ್ ಡಬ್ಬಿಯ ಜೋಳ. ಎರಡರ ನಡುವಿನ ವ್ಯತ್ಯಾಸ ಕಾಳಿನಲ್ಲಿಲ್ಲ, ಇಟ್ಟ ರೀತಿಯಲ್ಲಿದೆ.

ಇಟ್ಟ ರೀತಿ ತಪ್ಪಿದರೆ ಏನಾದೀತು? ಉತ್ತರ ಬಂದದ್ದು ಒಂದು ಮಗುವಿನ ಸಂಕಟದಿಂದ. ನ್ಯೂಯಾರ್ಕಿನಲ್ಲಿ ಡೊರೊತಿ ಆಂಡರ್ಸನ್ ಎಂಬ ರೋಗಶಾಸ್ತ್ರಜ್ಞೆ ಇದ್ದರು. ಯಕೃತ್ತು ಗಟ್ಟಿಯಾಗಿ ಕೆಟ್ಟುಹೋದ ಒಂದು ಮಗುವಿನ ಅಂಗಾಂಶದಲ್ಲಿ ಅವರಿಗೆ ವಿಚಿತ್ರವಾದ ಗ್ಲೈಕೊಜೆನ್ ಕಂಡಿತು. ಅದನ್ನು ಸೇಂಟ್ ಲೂಯಿಸ್ಸಿನಲ್ಲಿ ಗರ್ಟಿ ಕೋರಿ ಮತ್ತು ಬಾರ್ಬರಾ ಇಲಿಂಗ್‌ವರ್ತ್ ಪರಿಶೀಲಿಸಿ ೧೯೫೨ರಲ್ಲಿ ವರದಿ ಮಾಡಿದರು. ಅದರ ಸರಪಳಿಗಳು ಉದ್ದ, ಕವಲುಗಳು ವಿರಳ. ಮನುಷ್ಯನ ಯಕೃತ್ತಿನಲ್ಲಿ ಗಿಡದ ಅಮೈಲೋಪೆಕ್ಟಿನ್ನನ್ನು ಹೋಲುವ ವಸ್ತು! ೧೯೫೬ರಲ್ಲಿ ಆಂಡರ್ಸನ್ ರೋಗದ ಪೂರ್ಣ ವಿವರ ಪ್ರಕಟಿಸಿದರು. ಅದಕ್ಕೆ ಅವರ ಹೆಸರೇ ನಿಂತಿದೆ. ಕೊರತೆಯಾಗಿರುವುದು ಕವಲು ಕಿಣ್ವವೇ ಎಂಬುದನ್ನು ೧೯೬೬ರಲ್ಲಿ ಬಾರ್ಬರಾ ಇಲಿಂಗ್‌ವರ್ತ್ ಬ್ರೌನ್ ಮತ್ತು ಡೇವಿಡ್ ಬ್ರೌನ್ ಖಚಿತಪಡಿಸಿದರು. ಅದನ್ನು ನೋಡಲು ಗರ್ಟಿ ಕೋರಿ ಉಳಿದಿರಲಿಲ್ಲ. ಅಸ್ಥಿಮಜ್ಜೆಯ ಕಾಯಿಲೆಯೊಡನೆ ಹತ್ತು ವರ್ಷ ಹೆಣಗಿ ೧೯೫೭ರಲ್ಲಿ ತೀರಿಕೊಂಡಿದ್ದರು.

ಈ ರೋಗದಲ್ಲಿ ಮನಸ್ಸನ್ನು ಕಲಕುವ ಸಂಗತಿಯೊಂದಿದೆ. ಆ ಮಕ್ಕಳ ಯಕೃತ್ತಿನಲ್ಲಿ ಗ್ಲೈಕೊಜೆನ್ನಿನ ಮೊತ್ತ ವಿಪರೀತವಾಗಿ ಏರಿರಬೇಕೆಂದಿಲ್ಲ. ಗ್ಲೂಕೋಸಿಗೂ ಕೊರತೆಯಿಲ್ಲ. ಕವಲುಗಳು ಮಾತ್ರ ಸಾಲವು. ಅಷ್ಟರಿಂದಲೇ ಅಣು ಕರಗದಂತಾಗಿ, ಜೀವಕೋಶದೊಳಗೆ ಪರಕೀಯ ವಸ್ತುವಿನಂತೆ ಗಟ್ಟಿಯಾಗಿ ಕೂತು, ಯಕೃತ್ತನ್ನು ಹಾಳುಗೆಡವುತ್ತದೆ. ರೋಗದ ತೀವ್ರ ರೂಪದಲ್ಲಿ, ಯಕೃತ್ತಿನ ಕಸಿ ನಡೆಯದಿದ್ದರೆ, ಐದು ವರ್ಷ ತುಂಬುವುದರೊಳಗೆ ಮಕ್ಕಳು ತೀರಿಕೊಳ್ಳುವುದೇ ಹೆಚ್ಚು. ಗಿಡವೊಂದಕ್ಕೆ ಹಿತವಾದ ಆಕಾರ ನಮ್ಮ ಮೈಯಲ್ಲಿ ಮೃತ್ಯುವಾಗುತ್ತದೆ.

ಈಗ ಬಟಾಣಿಗೆ ಬರೋಣ. ಮೆಂಡೆಲ್ ಎಣಿಸಿದ್ದು ೭೩೨೪ ಬೀಜಗಳನ್ನು. ದುಂಡು ೫೪೭೪, ಸುಕ್ಕು ೧೮೫೦. ೧೮೬೫ರಲ್ಲಿ ಸಭೆಯಲ್ಲಿ ಓದಿ ೧೮೬೬ರಲ್ಲಿ ಪ್ರಕಟಿಸಿದ ಈ ಲೆಕ್ಕವನ್ನು ಜಗತ್ತು ಗುರುತಿಸಿದ್ದು ೧೯೦೦ರಲ್ಲಿ, ಅವರು ತೀರಿಕೊಂಡ ೧೬ ವರ್ಷಗಳ ಮೇಲೆ. ಅನಂತರ ಸೂಕ್ಷ್ಮದರ್ಶಕ ಹಿಡಿದವರು ಸುಮ್ಮನಿರಲಿಲ್ಲ. ಇಂಗ್ಲೆಂಡಿನಲ್ಲಿ ಗ್ರೆಗರಿ ೧೯೦೩ರಲ್ಲಿ ಎರಡೂ ಬಗೆಯ ಬೀಜಗಳ ಪಿಷ್ಟವನ್ನು ನೋಡಿದರು. ದುಂಡು ಬೀಜದಲ್ಲಿ ದೊಡ್ಡ, ಇಡಿಯಾದ ಕಣಗಳು; ಸುಕ್ಕು ಬೀಜದಲ್ಲಿ ತುಂಡುತುಂಡಾಗಿ ಕೂಡಿದ ಕಣಗಳು. ೧೯೦೮ರಲ್ಲಿ ಡಾರ್ಬಿಶೈರ್, ಮಿಶ್ರತಳಿಯ ಬೀಜ ಹೊರನೋಟಕ್ಕೆ ಪೂರ್ತಿ ದುಂಡಾಗಿದ್ದರೂ ಅದರ ಪಿಷ್ಟದ ಕಣಗಳು ಎರಡಕ್ಕೂ ನಡುವಣ ಸ್ವರೂಪದವು ಎಂದು ತೋರಿಸಿದರು. ‘ಪ್ರಬಲ’, ‘ದುರ್ಬಲ’ ಎಂಬುದು ನಾವು ಎಷ್ಟು ಹತ್ತಿರದಿಂದ ನೋಡುತ್ತೇವೆ ಎಂಬುದನ್ನೂ ಅವಲಂಬಿಸಿದೆ ಎಂದಾಯಿತು. ಸುಳಿವು ಪಿಷ್ಟದತ್ತ ಬೆರಳು ಮಾಡುತ್ತಿತ್ತು. ಆದರೆ ಕವಲು ಕಿಣ್ವದ ಹೆಸರೇ ಹುಟ್ಟದ ಕಾಲದಲ್ಲಿ ಅದನ್ನು ಹಿಡಿದು ಮುಂದೆ ಹೋಗುವುದು ಸಾಧ್ಯವಿರಲಿಲ್ಲ.

ಇಂಗ್ಲೆಂಡಿನ ನಾರಿಚ್ ನಗರದ ಜಾನ್ ಇನ್ನೆಸ್ ಸಂಸ್ಥೆಯಲ್ಲಿ ಎರಡು ದಾರಿಗಳು ಕೂಡಿದವು. ಸುಕ್ಕು ಬಟಾಣಿಯಲ್ಲಿ ಕವಲು ಕಿಣ್ವದ ಒಂದು ಬಗೆ ಇಲ್ಲವೆಂದು ೧೯೮೮ರಲ್ಲಿ ಆಲಿಸನ್ ಸ್ಮಿತ್ ತೋರಿಸಿದರು. ೧೯೯೦ರಲ್ಲಿ ಭಟ್ಟಾಚಾರ್ಯ, ಸ್ಮಿತ್, ಎಲ್ಲಿಸ್, ಹೆಡ್ಲಿ ಮತ್ತು ಕ್ಯಾಥಿ ಮಾರ್ಟಿನ್ ಅವರ ತಂಡ ವಂಶವಾಹಿಯನ್ನೇ ಹಿಡಿಯಿತು. ಕವಲು ಕಿಣ್ವದ ವಂಶವಾಹಿಯ ನಡುವೆ ಸುಮಾರು ೮೦೦ ಅಕ್ಷರಗಳ ಪರಕೀಯ ತುಂಡೊಂದು ನುಗ್ಗಿ ಕುಳಿತಿತ್ತು. ಬಾರ್ಬರಾ ಮೆಕ್‌ಕ್ಲಿಂಟಾಕ್ ಮೆಕ್ಕೆಜೋಳದಲ್ಲಿ ಕಂಡುಹಿಡಿದು ೧೯೮೩ರಲ್ಲಿ ನೊಬೆಲ್ ಪಡೆದರಲ್ಲ, ಆ ಜಿಗಿಯುವ ವಂಶವಾಹಿಗಳನ್ನು ಹೋಲುವ ತುಂಡು ಅದು.

ಇನ್ನು ಸುಕ್ಕಿನ ಕಾರಣ ಹೇಳುವುದು ಸುಲಭ. ಕವಲಿಲ್ಲದೆ ಸರಪಳಿಗೆ ತುದಿಗಳು ಕಡಿಮೆ; ತುದಿ ಕಡಿಮೆಯಾದರೆ ಪಿಷ್ಟ ಬೆಳೆಯುವ ಜಾಗವೂ ಕಡಿಮೆ. ಪಿಷ್ಟವಾಗಬೇಕಿದ್ದ ಸಕ್ಕರೆ ಸುಕ್ರೋಸಾಗಿ ಬೀಜದಲ್ಲೇ ಉಳಿಯುತ್ತದೆ. ಸುಕ್ಕು ಬಟಾಣಿ ಎಳೆಯದಿದ್ದಾಗ ಹೆಚ್ಚು ಸಿಹಿಯಾಗಿರುವುದು ಇದರಿಂದಲೇ. ಉಳಿದ ಸಕ್ಕರೆ, ಮೊದಲೇ ಹೇಳಿದೆನಷ್ಟೆ, ನೀರನ್ನು ಸೆಳೆಯುತ್ತದೆ. ಎಳೆಯ ಬೀಜ ಉಬ್ಬಿಕೊಳ್ಳುತ್ತದೆ, ಸಿಪ್ಪೆ ಅದಕ್ಕೆ ತಕ್ಕಂತೆ ಹಿಗ್ಗುತ್ತದೆ. ಬೀಜ ಬಲಿತು ಒಣಗುವಾಗ ಆ ಹೆಚ್ಚಿನ ನೀರು ಹೊರಟುಹೋಗಿ ಒಳಗಿನ ತಿರುಳು ಕುಗ್ಗುತ್ತದೆ. ಹಿಗ್ಗಿದ ಸಿಪ್ಪೆ ನೆರಿಗೆ ಬೀಳದೆ ಏನು ಮಾಡೀತು? ದುಂಡು ಬೀಜ ಪ್ರಬಲವಾದದ್ದೂ ಈಗ ಅರ್ಥವಾಗುತ್ತದೆ. ಸರಿಯಾದ ವಂಶವಾಹಿಯ ಒಂದೇ ಪ್ರತಿ ಇದ್ದರೂ, ಬೀಜ ದುಂಡಾಗಿ ನಿಲ್ಲುವಷ್ಟು ಕಿಣ್ವ ಒದಗುತ್ತದೆ.

ಕಥೆ ಅಲ್ಲಿಗೇ ನಿಂತಿಲ್ಲ. ಮೆಂಡೆಲ್ ಆರಿಸಿಕೊಂಡ ಏಳು ಗುಣಗಳಲ್ಲಿ ವಂಶವಾಹಿಯ ಮಟ್ಟದಲ್ಲಿ ಮೊದಲು ಬಿಡಿಸಿದ ಒಗಟು ಈ ಸುಕ್ಕು. ಕೊನೆಯ ಮೂರರ ವಂಶವಾಹಿಗಳ ವಿವರ ಪ್ರಕಟವಾದದ್ದು ೨೦೨೫ರಲ್ಲಿ. ಕವಲು ಕಡಿಮೆಯಾದ ಪಿಷ್ಟ ಸಣ್ಣ ಕರುಳಿನಲ್ಲಿ ಬೇಗ ಜೀರ್ಣವಾಗುವುದಿಲ್ಲ ಎಂಬುದು ವೈದ್ಯರ ಗಮನ ಸೆಳೆದಿದೆ. ಕವಲು ಕಿಣ್ವವನ್ನು ತಗ್ಗಿಸಿದ ಗೋಧಿಯ ತಳಿಯನ್ನು ಆಸ್ಟ್ರೇಲಿಯಾದ ವಿಜ್ಞಾನಿಗಳು ೨೦೦೬ರಲ್ಲಿ ವರದಿ ಮಾಡಿದರು. ಸುಕ್ಕು ಬಟಾಣಿ ತಿಂದವರ ರಕ್ತದಲ್ಲಿ ಗ್ಲೂಕೋಸ್ ಏರುವುದು ದುಂಡು ಬಟಾಣಿ ತಿಂದವರಿಗಿಂತ ಕಡಿಮೆ ಎಂದು ೨೦೨೦ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ಹೇಳಿತು. ಮನೆಮನೆಯಲ್ಲೂ ಸಕ್ಕರೆ ಕಾಯಿಲೆಯ ಮಾತು ಕೇಳಿಬರುವ ನಮ್ಮ ನಾಡಿನವರಿಗೆ ಇದು ಕೇವಲ ಕುತೂಹಲದ ವಿಷಯವಲ್ಲ.

ಒಂದೇ ಕಿಣ್ವದ ಕೊರತೆ ಬಟಾಣಿಯಲ್ಲಿ ಸುಕ್ಕಾಯಿತು, ಹಸುಗೂಸಿನಲ್ಲಿ ಮಾರಕ ರೋಗವಾಯಿತು, ಊಟದ ತಟ್ಟೆಯಲ್ಲಿ ಹಿತವಾಗಲೂಬಹುದು. ನಮ್ಮ ಪಠ್ಯಗಳಲ್ಲಿ ಪಿಷ್ಟದ ಪರೀಕ್ಷೆ ಒಂದು ಅಧ್ಯಾಯದಲ್ಲಿ, ಮೆಂಡೆಲ್ ಇನ್ನೊಂದು ಅಧ್ಯಾಯದಲ್ಲಿ ಬರುತ್ತವೆ; ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಇಂದು ತರಗತಿಯಲ್ಲಿರುವ ಶಿಕ್ಷಕ ಮಿತ್ರರಲ್ಲಿ ನನ್ನದೊಂದು ವಿನಂತಿ. ಆ ಚೌಕಗಳನ್ನು ಎಳೆದು ಮುಗಿಸಿದ ಮೇಲೆ ಐದು ನಿಮಿಷ ಉಳಿಸಿಕೊಂಡು, ಬೀಜ ಏಕೆ ಸುಕ್ಕಿತು ಎಂಬುದನ್ನೂ ಮಕ್ಕಳಿಗೆ ಹೇಳಿ. ಮೂರಕ್ಕೆ ಒಂದು ಎಂಬ ಅಂಕಿ ಮರೆತರೂ, ಕಸಿ ಕಟ್ಟುವ ಆ ಪುಟ್ಟ ಕೆಲಸಗಾರನನ್ನು ಅವರು ಮರೆಯಲಾರರು.